ಕ್ಯಾಮೆರಾದ ಒಳಗಿನ ಫ್ಲ್ಯಾಷನ್ನು ಮೂರು ವೈರ್‌ಗಳಿಗೆ ಇಳಿಸಿದ್ದು

ಮಡಿಕೇರಿಯಲ್ಲಿ ಹಳೇ ಫಿಲ್ಮ್ ಕ್ಯಾಮೆರಾ ರಿಪೇರಿ ಮಾಡುತ್ತೇನೆ. ನನ್ನ ಹತ್ತಿರ ಬರುವ ಸಣ್ಣ ಕ್ಯಾಮೆರಾಗಳಲ್ಲಿ ಶಟರ್ ಕೆಟ್ಟವು ಕಡಿಮೆ, ಫ್ಲ್ಯಾಷ್ ಕೆಟ್ಟವೇ ಜಾಸ್ತಿ. ಕಕ್ಕಡ ತಿಂಗಳ ಮಳೆ ಕಳೆದು, ಹುತ್ತರಿ ಹಬ್ಬಕ್ಕೋ ಮದುವೆಗೋ ಅಂತ ಕಪಾಟಿನಿಂದ ಕ್ಯಾಮೆರಾ ಹೊರಗೆ ತೆಗೆದವರೆಲ್ಲ ಒಂದೇ ಮಾತು ಹೇಳುತ್ತಾರೆ: "ಕೆಂಪು ದೀಪ ಉರೀತದೆ, ಫ್ಲ್ಯಾಷ್ ಮಾತ್ರ ಹೊಡೆಯಲ್ಲ." ಕೆಟ್ಟ ಭಾಗ ಬದಲಿಸಿ ಕೊಟ್ಟರೆ ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಕ್ಯಾಮೆರಾ, ಅದೇ ದೂರು. ಹಾಗಾಗಿ ಒಂದೊಂದೇ ಭಾಗ ಬದಲಿಸುವುದನ್ನು ಬಿಟ್ಟು, ಒಳಗಿನ ಫ್ಲ್ಯಾಷನ್ನೇ ನನ್ನದೇ ಜೋಡಣೆಯಲ್ಲಿ ಹೊಸದಾಗಿ ಕಟ್ಟಿ ಕೂರಿಸಲು ಶುರು ಮಾಡಿದೆ. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇದು ಕೆಲಸ ಮಾಡುವ ರೀತಿ. ಎರಡು ಪೆನ್ ಟಾರ್ಚ್ ಸೆಲ್ಲಿನ 3 ವೋಲ್ಟನ್ನು ಒಂದು ಟ್ರಾನ್ಸಿಸ್ಟರು, ಒಂದು ಪುಟ್ಟ ಟ್ರಾನ್ಸ್‌ಫಾರ್ಮರು ಸೇರಿ ಸುಮಾರು 300 ವೋಲ್ಟಿಗೆ ಏರಿಸುತ್ತವೆ. ಸ್ವಿಚ್ ಹಾಕಿದ ಕೂಡಲೇ ಕುಂಯ್ ಅಂತ ಸಣ್ಣಗೆ ಏರುತ್ತಾ ಹೋಗುವ ಸದ್ದು ಅದೇ. ಆ ವಿದ್ಯುತ್ತು ದೊಡ್ಡ ಕೆಪಾಸಿಟರಿನಲ್ಲಿ (ವಿದ್ಯುತ್ತನ್ನು ಕೂಡಿಡುವ ಭಾಗ) ತುಂಬಿಕೊಳ್ಳುತ್ತದೆ, ತುಂಬಿತು ಅಂತ ಹೇಳುವುದೇ ಆ ಕೆಂಪು ದೀಪ. ಆದರೆ 300 ವೋಲ್ಟ್ ಇದ್ದ ಮಾತ್ರಕ್ಕೆ ಬೆಳಕು ಕೊಡುವ ಕ್ಸೆನಾನ್ ಟ್ಯೂಬು ಹೊತ್ತಿಕೊಳ್ಳುವುದಿಲ್ಲ, ಒಳಗಿನ ಅನಿಲ ವಿದ್ಯುತ್ತನ್ನು ಬಿಡುವುದೇ ಇಲ್ಲ. ಅದಕ್ಕೆ ಹೊರಗಿನಿಂದ ಒಂದು ತಟ್ಟು ಬೇಕು. ಇನ್ನೊಂದು ಚಿಕ್ಕ ಕೆಪಾಸಿಟರು ಟ್ರಿಗರ್ ಕಾಯಿಲಿಗೆ ತನ್ನಲ್ಲಿದ್ದದ್ದನ್ನು ಸುರಿದಾಗ ಸುಮಾರು 4,000 ವೋಲ್ಟಿನ ಒಂದು ಮಿಡಿತ ಟ್ಯೂಬಿನ ಗಾಜಿನ ಮೇಲೆ ಬೀಳುತ್ತದೆ. ಆಗ ಅನಿಲ ದಾರಿ ಬಿಡುತ್ತದೆ, ದೊಡ್ಡ ಕೆಪಾಸಿಟರು ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗುತ್ತದೆ.

1930ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ ಬೆಳೆಸಿದ ವಿದ್ಯೆ ಇದು. ಕ್ಯಾಮೆರಾದ ಮೈಯೊಳಗೇ ಎಲೆಕ್ಟ್ರಾನಿಕ್ ಫ್ಲ್ಯಾಷ್ ಸೇರಿದ್ದು 1964ರಲ್ಲಿ, ಫೋಕ್ಟ್‌ಲ್ಯಾಂಡರ್ ಕಂಪನಿಯ ವಿಟ್ರೋನಾದಲ್ಲಿ. ಮನೆಮನೆಯ ಜನ ಬಳಸುವ ಹಾಗೆ ಮಾಡಿದ್ದು 1975ರ ಕೊನಿಕಾ ಸಿ35 ಇಎಫ್. ಅಲ್ಲಿಂದ ಇಲ್ಲಿಯವರೆಗೂ ಮೂಲ ಸರ್ಕ್ಯೂಟು ಹೆಚ್ಚೇನೂ ಬದಲಾಗಿಲ್ಲ. ಬದಲಾಗಿದ್ದು ಭಾಗಗಳನ್ನು ಎಲ್ಲಿಡುತ್ತಾರೆ, ಹೇಗೆ ಜೋಡಿಸುತ್ತಾರೆ ಅನ್ನುವುದು. ನನ್ನ ಕೆಲಸವೂ ಅಷ್ಟೇ.

ಕೈ ಹಾಕುವ ಮೊದಲು ಒಂದು ಮಾತು, ದಯವಿಟ್ಟು ಇದನ್ನು ದಾಟಿ ಮುಂದೆ ಹೋಗಬೇಡಿ. ಸೆಲ್ಲು ತೆಗೆದಿಟ್ಟರೂ ಆ ದೊಡ್ಡ ಕೆಪಾಸಿಟರಿನಲ್ಲಿ ಚಾರ್ಜು ಬಹಳ ಹೊತ್ತು ಉಳಿದಿರುತ್ತದೆ. 120 ಮೈಕ್ರೋಫ್ಯಾರಡ್, 300 ವೋಲ್ಟ್ ಅಂದರೆ 5 ಜೂಲ್‌ಗಿಂತ ಜಾಸ್ತಿ. ಅದು ಕೈಯಿಂದ ಎದೆಗೆ ಹರಿದರೆ ಆಟವಲ್ಲ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಟಪ್ ಅನ್ನಿಸುವವರನ್ನು ನೋಡಿದ್ದೇನೆ. ಕೆಪಾಸಿಟರಿನ ಕಾಲು ಸುಡುತ್ತದೆ, ಬೋರ್ಡಿನ ತಾಮ್ರ ಎದ್ದು ಬರುತ್ತದೆ, ಕಣ್ಣಿಗೂ ಅಪಾಯ. 1 ಕಿಲೋ ಓಮ್, 5 ವಾಟಿನ ರೆಸಿಸ್ಟರಿಗೆ ಎರಡು ಕಡೆ ಒಳ್ಳೇ ಇನ್ಸುಲೇಶನ್ ಇರುವ ಪ್ರೋಬ್ ಕಟ್ಟಿಕೊಳ್ಳಿ, ಅದನ್ನು ಮುಟ್ಟಿಸಿ ಎರಡು ಸೆಕೆಂಡ್ ಹಿಡಿಯಿರಿ, ಆಮೇಲೆ ಮೀಟರ್ ಇಟ್ಟು ನೋಡಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿ, ಯಾಕೆಂದರೆ ಖಾಲಿ ಮಾಡಿದ ಕೆಪಾಸಿಟರಿನಲ್ಲೂ ಸ್ವಲ್ಪ ವೋಲ್ಟೇಜು ತಾನಾಗಿಯೇ ಮತ್ತೆ ಏರುತ್ತದೆ. ನನ್ನ ಜೊತೆ ಕಲಿಯುವ ಹುಡುಗ "ಅಣ್ಣಾ, ಒಂದ್ಸಲ ಖಾಲಿ ಮಾಡಿ ಆಯ್ತಲ್ಲ" ಅಂದರೂ ಎರಡನೇ ಸಲ ಮೀಟರ್ ಇಡದೆ ಬೋರ್ಡು ಮುಟ್ಟಲು ಬಿಡುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ದೀಪ ಉರಿದೂ ಫ್ಲ್ಯಾಷ್ ಯಾಕೆ ಹೊಡೆಯುವುದಿಲ್ಲ? ಬಿಚ್ಚಿದ ಕ್ಯಾಮೆರಾಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇಷ್ಟು. ಚಿಕ್ಕ ಟ್ರಿಗರ್ ಕೆಪಾಸಿಟರು 1 ಮೆಗಾ ಓಮ್‌ನಷ್ಟು ದೊಡ್ಡ ರೆಸಿಸ್ಟರಿನ ಮೂಲಕ ನಿಧಾನವಾಗಿ ತುಂಬುತ್ತದೆ. ಅಂದರೆ ಅದಕ್ಕೆ ಸಿಗುವ ಕರೆಂಟು ಬಹಳ ಕಡಿಮೆ. ಅದೇ ಜಾಗದಿಂದ ಒಂದು ವೈರು ಶಟರಿನ ಹತ್ತಿರದ ಸಿಂಕ್ ಕಾಂಟ್ಯಾಕ್ಟಿಗೆ (ಶಟರ್ ತೆರೆದ ಕ್ಷಣಕ್ಕೆ ಫ್ಲ್ಯಾಷ್ ಹೊಡೆಸುವ ಸ್ವಿಚ್ಚು) ಹೋಗುತ್ತದೆ. ಆ ದಾರಿಯಲ್ಲಿ ಎಲ್ಲಾದರೂ ತೇವ, ಧೂಳು, ಹಳೇ ಬೆಸುಗೆಯ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ವಸ್ತು) ಸೇರಿ ಇನ್ನೊಂದು 1 ಮೆಗಾ ಓಮ್‌ನ ಸೋರಿಕೆ ಆಯಿತು ಅನ್ನಿ, ಟ್ರಿಗರಿಗೆ ಸಿಗಬೇಕಾದ ವೋಲ್ಟೇಜು ಅರ್ಧಕ್ಕೆ ಬಿತ್ತು. ದೊಡ್ಡ ಕೆಪಾಸಿಟರು ಪೂರ್ತಿ ತುಂಬಿದೆ, ದೀಪ ಉರಿಯುತ್ತಿದೆ, ತಟ್ಟುವ ಕೈಯಲ್ಲಿ ಮಾತ್ರ ಬಲ ಇಲ್ಲ. ಒಣ ಊರಿನಲ್ಲಿ ಈ ಸೋರಿಕೆ ಇಷ್ಟು ಕಾಡಲಿಕ್ಕಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ನಮ್ಮ ಕೊಡಗಿನಲ್ಲಿ ಇದೇ ದೊಡ್ಡ ತಲೆನೋವು.

ಇನ್ನು 4,000 ವೋಲ್ಟಿನ ದಾರಿ. ನಾನು ಬಿಚ್ಚಿದ ಎಷ್ಟೋ ಕ್ಯಾಮೆರಾಗಳಲ್ಲಿ ಟ್ರಿಗರ್ ಕಾಯಿಲ್ ಕೆಳಗಿನ ಬೋರ್ಡಿನಲ್ಲಿದೆ, ಟ್ಯೂಬು ಮೇಲಿದೆ. ನಡುವೆ ಕೂದಲಿನಂಥ ಒಂದು ವೈರು ಲೋಹದ ತಗಡಿನ ಪಕ್ಕದಲ್ಲೇ ಹಾದು ಹೋಗುತ್ತದೆ. ಅದರ ಇನ್ಸುಲೇಶನ್ ಸ್ವಲ್ಪ ಸವೆದರೂ ಮಿಡಿತ ಟ್ಯೂಬಿಗೆ ಹೋಗುವ ಬದಲು ತಗಡಿಗೆ ಹಾರುತ್ತದೆ. ಕತ್ತಲೆ ಕೋಣೆಯಲ್ಲಿ ಮುಚ್ಚಳ ತೆಗೆದು ದೂರ ನಿಂತು ನೋಡಿದರೆ ನೀಲಿ ಕಿಡಿ ಕಾಣುತ್ತದೆ.

ಹಾಗಾಗಿ ನನ್ನ ಮಟ್ಟಿಗೆ ಸರಳ ಮಾಡುವುದು ಅಂದರೆ ಭಾಗಗಳ ಲೆಕ್ಕ ಇಳಿಸುವುದಲ್ಲ. ಜಾಸ್ತಿ ವೋಲ್ಟೇಜು ಓಡಾಡುವ ದಾರಿಯನ್ನು ಗಿಡ್ಡ ಮಾಡುವುದು, ಆ ದಾರಿಯಲ್ಲಿನ ಬೆಸುಗೆಗಳನ್ನು ತೆಗೆಯುವುದು. ಒಂದು ಬೆಸುಗೆ ಕಡಿಮೆಯಾದರೆ ಶೀತ ನುಗ್ಗುವ ಒಂದು ಬಾಗಿಲು ಮುಚ್ಚಿದ ಹಾಗೆ.

ಟ್ರಿಗರ್ ಕಾಯಿಲ್, ಟ್ರಿಗರ್ ಕೆಪಾಸಿಟರು, ಆ 1 ಮೆಗಾ ಓಮ್ ರೆಸಿಸ್ಟರು, ಮೂರನ್ನೂ ಕೆಳಗಿನ ಬೋರ್ಡಿನಿಂದ ಕಿತ್ತು ಟ್ಯೂಬಿನ ಹಿಂದಕ್ಕೇ ತಂದೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಬೋರ್ಡು ಸಾಕು. ಈಗ 4,000 ವೋಲ್ಟು ಓಡಾಡುವುದು ಒಂದೆರಡು ಸೆಂಟಿಮೀಟರ್ ಅಷ್ಟೇ, ಅದೂ ಟ್ಯೂಬು ಕೂರುವ ಹೋಲ್ಡರಿನ ಒಳಗೇ. ಹೊರಗೆ ಬರುವುದು ಮೂರು ವೈರು: ಪ್ಲಸ್, ಮೈನಸ್, ಸಿಂಕ್. ಪ್ಲಸ್ ಮತ್ತು ಮೈನಸ್ ವೈರುಗಳು ದಪ್ಪವಾಗಿಯೂ ಗಿಡ್ಡವಾಗಿಯೂ ಇರಬೇಕು. ಹೊಡೆಯುವ ಆ ಕ್ಷಣಕ್ಕೆ ನೂರು ಆಂಪಿಯರಿನ ಆಸುಪಾಸಿನಲ್ಲಿ ಕರೆಂಟು ಹರಿಯುತ್ತದೆ, ವೈರು ತೆಳ್ಳಗಿದ್ದರೆ ಬೆಳಕು ಅಲ್ಲೇ ತಿಂದು ಹೋಗುತ್ತದೆ. ಸಿಂಕ್ ವೈರು ತೆಳ್ಳಗಿದ್ದರೂ ನಡೆಯುತ್ತದೆ, ಆದರೆ ಅದರಲ್ಲೂ ಬಟನ್ ಒತ್ತುವವರೆಗೆ 300 ವೋಲ್ಟ್ ಇರುತ್ತದೆ ಅನ್ನುವುದು ನೆನಪಿರಲಿ.

ಎರಡನೇ ಬದಲಾವಣೆ ನನಗೆ ತುಂಬಾ ಖುಷಿ ಕೊಟ್ಟಿದ್ದು. ಕೆಲವು ಹಳೇ ಫ್ಲ್ಯಾಷ್‌ಗಳಲ್ಲಿ ಟ್ರಿಗರ್ ವೈರನ್ನು ಟ್ಯೂಬಿನ ಗಾಜಿಗೆ ಸುತ್ತಿರುತ್ತಾರೆ. ಅದು ಸಡಿಲವಾದರೆ ಒಮ್ಮೆ ಹೊಡೆಯುತ್ತದೆ, ಒಮ್ಮೆ ಇಲ್ಲ. ನಾನು ಆ ಸುತ್ತನ್ನೇ ತೆಗೆದೆ. ಟ್ಯೂಬಿನ ಹಿಂದೆ ಹೊಳೆಯುವ ಅಲ್ಯೂಮಿನಿಯಂ ರಿಫ್ಲೆಕ್ಟರ್ ಇದೆಯಲ್ಲ, ಅದಕ್ಕೇ ಟ್ರಿಗರ್ ಕೊಟ್ಟೆ. ಟ್ಯೂಬು ಅದಕ್ಕೆ ಒತ್ತಿ ಕೂತಿರುತ್ತದೆ. ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ, ವಿದ್ಯುತ್ ಹರಿಯುವ ಲೇಪನ ಇರುವ ಟ್ಯೂಬುಗಳು ಸಿಗುತ್ತವೆ, ಅವನ್ನೇ ಹಾಕುತ್ತೇನೆ. ಆಗ ಮಿಡಿತ ಟ್ಯೂಬಿನ ಉದ್ದಕ್ಕೂ ಹರಡುತ್ತದೆ. ಇದೇನೂ ನಾನು ಕಂಡುಹಿಡಿದದ್ದಲ್ಲ. ಒಂದು ರೋಲ್ ತೆಗೆದು ಲ್ಯಾಬಿಗೆ ಕೊಟ್ಟುಬಿಡುವ ಅಗ್ಗದ ಕ್ಯಾಮೆರಾಗಳಲ್ಲೂ ಹೀಗೆ ಮಾಡಿರುತ್ತಾರೆ. ಅವನ್ನು ಬಿಚ್ಚಿಯೇ ನಾನು ಕಲಿತದ್ದು. ಅಲ್ಯೂಮಿನಿಯಂಗೆ ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ. ಅದಕ್ಕೆ ಸಣ್ಣ ತಾಮ್ರದ ಪಟ್ಟಿಯನ್ನು ಬಗ್ಗಿಸಿ ಸ್ಪ್ರಿಂಗಿನ ಹಾಗೆ ರಿಫ್ಲೆಕ್ಟರಿನ ಬೆನ್ನಿಗೆ ಒತ್ತಿಸಿದ್ದೇನೆ. ಇಡೀ ರಿಫ್ಲೆಕ್ಟರಿಗೇ ಈಗ 4,000 ವೋಲ್ಟು ಬರುವುದರಿಂದ ಅದರ ಸುತ್ತ ಯಾವ ಲೋಹವೂ ಹತ್ತಿರ ಇರಬಾರದು. ಕ್ಯಾಮೆರಾದ ಮುಂದಿನ ತಗಡಿಗೂ ಅದಕ್ಕೂ ನಡುವೆ ಹಳದಿ ಪಾಲಿಇಮೈಡ್ ಟೇಪು ಎರಡು ಪದರ ಅಂಟಿಸುತ್ತೇನೆ.

ಹೋಲ್ಡರನ್ನು ಅಳತೆ ಕೊಟ್ಟು ಮೈಸೂರಿನಲ್ಲಿ 3ಡಿ ಪ್ರಿಂಟ್ ಮಾಡಿಸುತ್ತೇನೆ. ಅಗ್ಗದ ಪಿಎಲ್ಎ ಪ್ಲಾಸ್ಟಿಕ್ ಬೇಡ. ಅದು 60 ಡಿಗ್ರಿಗೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಕ್ಯಾಮೆರಾ ಬಿಟ್ಟು ತೋಟಕ್ಕೆ ಇಳಿಯುವವರು ನಮ್ಮಲ್ಲಿ ಬೇಕಾದಷ್ಟು ಜನ. ಎಬಿಎಸ್ ಆದರೆ ತಡೆಯುತ್ತದೆ. ಪ್ರಿಂಟಿನ ಪದರಗಳ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ, ಪ್ಲಾಸ್ಟಿಕ್ ಇದೆ ಅಂತ ನಂಬಿ ಸುಮ್ನೆ ಇರುವ ಹಾಗಿಲ್ಲ. ಆ ಟೇಪು ಅದಕ್ಕೂ ಸೇರಿಯೇ.

ಜೋಡಿಸುವ ಕ್ರಮ ಹೀಗೆ. ಟ್ಯೂಬನ್ನು ಮೊದಲು ಸ್ಪಿರಿಟ್ಟಿನಲ್ಲಿ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಬಿಸಿಗೆ ಗಾಜಿಗೇ ಸುಟ್ಟು ಅಂಟಿಕೊಳ್ಳುತ್ತದೆ. ಎರಡೂ ತುದಿಗೆ ಸಿಲಿಕೋನ್ ಬಳೆ ಹಾಕಿ ರಿಫ್ಲೆಕ್ಟರಿನೊಳಗೆ ಒತ್ತಿದರೆ ಟ್ಯೂಬು ತಾನೇ ಹಿಡಿದುಕೊಳ್ಳುತ್ತದೆ, ಅಂಟು ಬೇಡ. ಒಳಗೆ ದಪ್ಪ ಲೋಹದ ಮಣಿ ಕಾಣುವ ತುದಿ ಮೈನಸ್. ತಿರುವು ಮುರುವಾದರೂ ಹೊಡೆಯುತ್ತದೆ, ಆದರೆ ಟ್ಯೂಬು ಬೇಗ ಕಪ್ಪಾಗಿ ಸಾಯುತ್ತದೆ. ಟ್ಯೂಬಿನ ತುದಿಯ ತಂತಿ ಬಗ್ಗಿಸುವಾಗ ಗಾಜಿನ ಹತ್ತಿರ ನೋಸ್ ಪ್ಲೈಯರಿನಲ್ಲಿ ಹಿಡಿದು ಅದರ ಆಚೆ ಬಗ್ಗಿಸಬೇಕು. ಗಾಜಿಗೂ ಲೋಹಕ್ಕೂ ಕೂಡಿದ ಜಾಗದಲ್ಲಿ ಸಣ್ಣ ಬಿರುಕು ಬಿಟ್ಟರೂ ಅನಿಲ ಹೋಯಿತು. ಆಮೇಲೆ ಸಣ್ಣ ಬೋರ್ಡು, ತಾಮ್ರದ ಪಟ್ಟಿ, ಕೊನೆಗೆ ಮುಂದಿನ ಗೆರೆಗೆರೆಯ ಪ್ಲಾಸ್ಟಿಕ್ ಕಿಟಕಿ ಕಟ್ ಅಂತ ಕೂರುತ್ತದೆ. ಹೋಲ್ಡರಿನಲ್ಲಿ ಸ್ಕ್ರೂ ಒಂದೂ ಇಲ್ಲ. ಕ್ಯಾಮೆರಾಕ್ಕೆ ಕೂರಿಸುವ ಕಡೆ ಮಾತ್ರ ಎರಡು ಸ್ಕ್ರೂ ಬೇಕೆಂದೇ ಉಳಿಸಿಕೊಂಡಿದ್ದೇನೆ. ಮೂವತ್ತು ನಲವತ್ತು ವರ್ಷದ ಪ್ಲಾಸ್ಟಿಕ್ಕಿಗೆ ಕ್ಲಿಪ್ಪಿನ ಬಲ ತಡೆಯುವ ಶಕ್ತಿ ಇರುವುದಿಲ್ಲ, ಮುಂದೆ ಅದನ್ನು ಬಿಚ್ಚುವವರ ಕೈಯಲ್ಲಿ ಮುರಿದುಹೋಗುತ್ತದೆ.

ಬೆಳಕನ್ನು ತಾನೇ ಅಳೆದು ನಡುವೆ ನಿಲ್ಲಿಸುವ ಆಟೋ ಸರ್ಕ್ಯೂಟನ್ನು ಪೂರ್ತಿ ಬಿಟ್ಟಿದ್ದೇನೆ. ಗೋಣಿಕೊಪ್ಪದ ಒಬ್ಬ ಸ್ಟುಡಿಯೋದವರು "ಆಟೋ ಇಲ್ಲದ ಫ್ಲ್ಯಾಷ್ ಈಗ ಯಾರಿಗೆ ಬೇಕು ಮಾರಾಯ್ರೇ" ಅಂತ ಜೋರಾಗಿಯೇ ವಾದ ಮಾಡಿದರು. ನನ್ನ ಲೆಕ್ಕ ಬೇರೆ. ಪ್ರತಿ ಸಲವೂ ಪೂರ್ತಿ ಖಾಲಿಯಾಗುವ ಫ್ಲ್ಯಾಷಿನಲ್ಲಿ ಬೆಳಕು ಯಾವಾಗಲೂ ಒಂದೇ ಅಳತೆ. ಗೈಡ್ ನಂಬರ್ (ಫ್ಲ್ಯಾಷಿನ ಬಲ ಹೇಳುವ ಸಂಖ್ಯೆ) 12 ಅಂತಿದ್ದರೆ, ಐಎಸ್‌ಒ 100ರ ಫಿಲ್ಮಿಗೆ 3 ಮೀಟರ್ ದೂರದಲ್ಲಿ ಲೆನ್ಸಿನ ಕಿಂಡಿ ಎಫ್ 4, ಅಷ್ಟೇ. 12ನ್ನು ದೂರದಿಂದ ಭಾಗಿಸಿದರೆ ಮುಗಿಯಿತು. ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ನಡುಬಾಡೆಯಲ್ಲಿ, ಅಂದರೆ ನಡುವಿನ ಹಜಾರದಲ್ಲಿ, ಹೊಗೆ ಹಿಡಿದ ಕಪ್ಪು ಮರದ ಗೋಡೆ, ಅದರ ಮುಂದೆ ಬಿಳಿ ಕುಪ್ಪಸ (ಕೊಡವ ಗಂಡಸರ ನಿಲುವಂಗಿ) ತೊಟ್ಟ ಮದುಮಗ ನಿಂತಾಗ ಆಟೋ ಕಣ್ಣು ಕಪ್ಪು ಗೋಡೆಯನ್ನು ನಂಬಿ ಬೆಳಕು ಜಾಸ್ತಿ ಸುರಿಯುತ್ತದೆ, ಕುಪ್ಪಸದ ನೆರಿಗೆಯೆಲ್ಲ ಅಳಿಸಿ ಹೋಗುತ್ತದೆ. ದೂರ ನೋಡಿ ಎಫ್ ಸಂಖ್ಯೆ ಇಟ್ಟರೆ ಗೋಡೆ ಯಾವ ಬಣ್ಣದ್ದಾದರೂ ಕುಪ್ಪಸ ಸರಿಯಾಗಿ ಬರುತ್ತದೆ. ಆಟೋ ಬಿಟ್ಟಿದ್ದರಿಂದ ಶೀತಕ್ಕೆ ಕೆಡುವ ಇನ್ನಷ್ಟು ಭಾಗಗಳೂ ತಾವಾಗಿಯೇ ಹೋದವು.

ಮಳೆಗಾಲದ ತಯಾರಿ ಬೇರೆಯೇ ಒಂದು ಕೆಲಸ. ಬೆಸುಗೆ ಆದ ಮೇಲೆ ಫ್ಲಕ್ಸನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಉಜ್ಜಿ ತೆಗೆಯಬೇಕು, ಅದು ಉಳಿದರೆ ನೀರು ಹೀರುತ್ತದೆ. ಆಮೇಲೆ ಬೋರ್ಡನ್ನು 40 ವಾಟಿನ ಬಲ್ಬು ಉರಿಯುವ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಡುತ್ತೇನೆ. ಚೆನ್ನಾಗಿ ಒಣಗಿದ ಮೇಲೆಯೇ ಅಕ್ರಿಲಿಕ್ ಲ್ಯಾಕರ್ ಹೊಡೆಯಬೇಕು. ಒಣಗಿಸದೆ ಹೊಡೆದರೆ ತೇವವನ್ನು ಒಳಗೇ ಬೀಗ ಹಾಕಿ ಇಟ್ಟಂತಾಗುತ್ತದೆ. ಟ್ಯೂಬು, ರಿಫ್ಲೆಕ್ಟರ್, ತಾಮ್ರದ ಪಟ್ಟಿ ಮುಟ್ಟುವ ಜಾಗಕ್ಕೆ ಲ್ಯಾಕರ್ ತಾಗಬಾರದು. ದೊಡ್ಡ ಕೆಪಾಸಿಟರು ಕೊಳ್ಳುವಾಗ ಫೋಟೋಫ್ಲ್ಯಾಷಿಗೆಂದೇ ಮಾಡಿದ್ದನ್ನು ತೆಗೆದುಕೊಳ್ಳಿ. ಹಳೇ ಟಿವಿಯಿಂದ ಕಿತ್ತದ್ದು ಹೀಗೆ ಒಮ್ಮೆಲೇ ಖಾಲಿಯಾಗುವುದಕ್ಕೆ ಮಾಡಿದ್ದಲ್ಲ, ಬಿಸಿಯಾಗುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಕ್ಯಾಮೆರಾ ಮೊದಲ ಸಲ ಚಾರ್ಜಾಗಲು ಬಹಳ ಹೊತ್ತು ತೆಗೆದುಕೊಂಡರೆ ಹೆದರಬೇಡಿ, ಕೆಪಾಸಿಟರಿನ ಒಳಗಿನ ಆಕ್ಸೈಡ್ ಪದರ ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ. ತಿಂಗಳಿಗೊಮ್ಮೆ ಒಂದೆರಡು ಸಲ ಹೊಡೆಸಿ ಇಟ್ಟರೆ ಆ ಪದರ ಚೆನ್ನಾಗಿರುತ್ತದೆ. ಸೆಲ್ಲು ಮಾತ್ರ ತೆಗೆದಿಡಿ.

ಇನ್ನೊಂದು ಸೇರಿಸಿದೆ, ಆಫ್ ಸ್ವಿಚ್. ಮಡಿಕೇರಿಯ ಮಂಜಿನಲ್ಲಿ ಫ್ಲ್ಯಾಷ್ ಹೊಡೆದು ನೋಡಿದವರಿಗೆ ಗೊತ್ತು, ಮುಖದ ಬದಲು ಬಿಳಿ ಬಿಳಿ ಚುಕ್ಕೆಗಳೇ ಬರುತ್ತವೆ. ಒಳಗಿನ ಫ್ಲ್ಯಾಷು ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಹತ್ತಿರದ ಹನಿಗಳಿಗೆ ಬಡಿದ ಬೆಳಕು ನೇರ ಲೆನ್ಸಿಗೇ ವಾಪಸ್ ಬರುತ್ತದೆ. ಸರ್ಕ್ಯೂಟಿನಲ್ಲಿ ಇದಕ್ಕೆ ಮದ್ದಿಲ್ಲ. ಸೆಲ್ಲಿನ 3 ವೋಲ್ಟನ್ನೇ ಕಡಿಯುವ ಒಂದು ಜಾರುವ ಸ್ವಿಚ್ಚನ್ನು ಹೆಬ್ಬೆರಳಿಗೆ ಸಿಗುವ ಹಾಗೆ ಇಟ್ಟಿದ್ದೇನೆ. ಕಡಿಮೆ ವೋಲ್ಟೇಜಿನ ಕಡೆ ಇರುವುದರಿಂದ ಅದಕ್ಕೆ ಶೀತದ ಭಯವೂ ಇಲ್ಲ.

ಈಗ ಟೇಬಲ್ಲಿನ ಮೇಲಿರುವುದು ಮೇಲಕ್ಕೆ ಏಳುವ ಫ್ಲ್ಯಾಷಿನ ಕ್ಯಾಮೆರಾ. ಅದರಲ್ಲಿ ಮೂರು ವೈರೂ ಕೀಲಿನ ಮೂಲಕ ಹೋಗಬೇಕು, ಪ್ರತಿ ಸಲ ಎತ್ತಿ ಇಳಿಸಿದಾಗಲೂ ಬಗ್ಗುತ್ತವೆ. ಮಾಮೂಲಿ ವೈರು ಒಳಗೇ ತುಂಡಾಗುತ್ತದೆ, ತೆಳು ಎಳೆಗಳ ಸಿಲಿಕೋನ್ ವೈರು ಬಗ್ಗಲು ಚೆನ್ನಾಗಿದೆ ಆದರೆ ಕೀಲಿನ ತೂತಿಗೆ ದಪ್ಪವಾಯಿತು. ಪ್ಲಸ್ ಮತ್ತು ಮೈನಸ್ ವೈರನ್ನು ಕೀಲಿನ ಎರಡು ಬದಿಗೆ ಒಂದೊಂದರಂತೆ ಹಾಯಿಸಿ, ಸಿಂಕ್ ವೈರನ್ನು ಕೀಲಿನ ಕಡ್ಡಿಗೆ ಎರಡು ಸುತ್ತು ಸಡಿಲವಾಗಿ ಸುತ್ತಿ ನೋಡುತ್ತಿದ್ದೇನೆ. ಹಾಗೆ ಮಾಡಿದರೆ ಒಂದೇ ಜಾಗದಲ್ಲಿ ಬಗ್ಗುವುದು ತಪ್ಪುತ್ತದೆ. ಇಂಥದ್ದನ್ನು ನೀವು ಯಾರಾದರೂ ಬೇರೆ ರೀತಿ ಮಾಡಿದ್ದರೆ ಹೇಳಿ, ಹೋಲ್ಡರಿನ ಅಳತೆಗಳನ್ನು ನಾನೂ ಕೊಡುತ್ತೇನೆ.