ಕಡಲ ಹೂವು ಮನೆಗೆ ತರುವ ಮುಂಚಿನ ಆರು ತಿಂಗಳು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ 200 ಲೀಟರ್‌ನ ಉಪ್ಪುನೀರಿನ ಟ್ಯಾಂಕ್ ಇದೆ. ಅದರಲ್ಲಿ ಕಲ್ಲಿನ ಸಂದಿಗೆ ಕಾಲೂರಿ ಕೂತಿರುವ ಸೀ ಅನಿಮೋನಿಯನ್ನು ನೋಡಿದವರೆಲ್ಲ ಮೊದಲು ಕೇಳುವುದು, "ಎಲ್ಲಿ ಸಿಗುತ್ತೆ?" ಅಂತ. ಕ್ರಾಫರ್ಡ್ ಮಾರ್ಕೆಟ್ ಕಡೆಯ, ಕುರ್ಲಾದ ಅಕ್ವೇರಿಯಂ ಅಂಗಡಿಗಳಲ್ಲಿ ವಿಚಾರಿಸಬಹುದು. ಆದರೆ ಅದು ಕೊನೆಯ ಕೆಲಸ. ಟ್ಯಾಂಕ್‌ಗೆ ನೀರು ತುಂಬಿದ ದಿನಕ್ಕೂ ಅನಿಮೋನಿ ತರುವ ದಿನಕ್ಕೂ ನಡುವೆ ಕಡಿಮೆಯೆಂದರೆ ಆರು ತಿಂಗಳು ಇರಬೇಕು.

ನಾನು ಮೂರೇ ವಾರಕ್ಕೆ ತಂದಿದ್ದೆ. ಹೊಸ ಟ್ಯಾಂಕ್ ಅಂತ ಹೇಳಿದರೂ ಅಂಗಡಿಯವರು ತಡೆಯಲಿಲ್ಲ. ಹಾಲಿನಂಥ ಬಿಳಿ ಬಣ್ಣ, ತುಂಬಾ ಚೆಂದ ಅನ್ನಿಸಿತ್ತು. ನಾಲ್ಕನೇ ರಾತ್ರಿ ಅದು ಕಲ್ಲು ಬಿಟ್ಟು ತೇಲಿ, ನೀರು ಅಲೆಯಾಡಿಸುವ ವೇವ್‌ಮೇಕರ್‌ಗೆ ಸಿಕ್ಕಿಕೊಂಡಿತು. ಬೆಳಿಗ್ಗೆ ಎದ್ದು ನೋಡಿದರೆ ನೀರು ಗಂಜಿಯ ತಿಳಿಯ ಹಾಗೆ ಕದಡಿತ್ತು, ಮನೆಯೆಲ್ಲ ಕೊಳೆತ ವಾಸನೆ. ಎರಡು ಕ್ಲೌನ್ ಮೀನುಗಳೂ ಸತ್ತಿದ್ದವು. ಆ ಬಿಳಿ ಬಣ್ಣವೇ ಕಾಯಿಲೆಯ ಗುರುತು ಅಂತ ಆಮೇಲೆ ತಿಳಿಯಿತು.

ಅನಿಮೋನಿ ಹೂವಲ್ಲ, ಪ್ರಾಣಿ. ಚೆನ್ನಾಗಿ ನೋಡಿಕೊಂಡರೆ ಬಹಳ ವರ್ಷ ಬದುಕುತ್ತದೆ. ಸ್ಕಾಟ್ಲೆಂಡಿನಲ್ಲಿ 1828ರಲ್ಲಿ ಜಾನ್ ಡಾಲಿಯೆಲ್ ಎಂಬುವರು ತೀರದಿಂದ ತಂದು ಗಾಜಿನ ಜಾಡಿಯಲ್ಲಿ ಇಟ್ಟ ಒಂದು ಅನಿಮೋನಿ 1887ರವರೆಗೆ ಬದುಕಿತ್ತು. ಅದನ್ನು ಎಲ್ಲರೂ 'ಗ್ರ್ಯಾನಿ', ಅಂದರೆ ಅಜ್ಜಿ, ಅಂತ ಕರೆಯುತ್ತಿದ್ದರು. ಆಗ ಕರೆಂಟ್ ಇಲ್ಲ, ಪಂಪ್ ಇಲ್ಲ. ಹೊಸ ಸಮುದ್ರದ ನೀರು ತಪ್ಪದೆ ಬದಲಾಯಿಸುವ ಕೈ ಇತ್ತು, ಅಷ್ಟೇ. ಅದು ತಣ್ಣೀರಿನ ಜಾತಿ, ನಮ್ಮ ಟ್ಯಾಂಕಿನವು ಬೆಚ್ಚನೆಯ ಕಡಲಿನವು. ಆದರೂ ಎರಡಕ್ಕೂ ಮುಖ್ಯವಾದದ್ದು ನೀರೇ.

ಮೊದಲು ಜಾಗ, ಆಮೇಲೆ ನೀರು

200 ಲೀಟರ್ ನೀರೇ 200 ಕೆ.ಜಿ. ದಾಟುತ್ತದೆ. ಕಲ್ಲು, ಮರಳು, ಗಾಜು ಸೇರಿದರೆ ಇನ್ನೂ ಜಾಸ್ತಿ. ಹಳೆಯ ಬಿಲ್ಡಿಂಗ್ ಆದರೆ ಹಾಲ್‌ನ ನಡುವೆ ಬೇಡ, ಗೋಡೆಗೆ ಒತ್ತಿ, ಕೆಳಗೆ ಬೀಮ್ ಇರುವ ಕಡೆ ಇಡಿ. ನೇರ ಬಿಸಿಲು ಬೀಳಬಾರದು. ಇದಕ್ಕಿಂತ ಚಿಕ್ಕ ಟ್ಯಾಂಕ್ ಬೇಡ ಅಂತಲೇ ನನ್ನ ಸಲಹೆ. ನೀರು ಕಡಿಮೆ ಇದ್ದಷ್ಟೂ ಬೇಗ ಕೆಡುತ್ತದೆ.

ಜುಹುವಿನಿಂದ ಕ್ಯಾನ್‌ನಲ್ಲಿ ಸಮುದ್ರದ ನೀರು ತರೋಣ ಅಂತ ಅನ್ನಿಸಬಹುದು. ಬೇಡ. ಊರಿನ ಚರಂಡಿ ನೀರು ಸೇರುವ ತೀರ ಅದು, ಮಳೆಗಾಲದಲ್ಲಂತೂ ಉಪ್ಪೂ ಕಡಿಮೆಯಾಗಿರುತ್ತದೆ. ನಲ್ಲಿ ನೀರು, ಟ್ಯಾಂಕರ್ ನೀರು ಕೂಡ ಹಾಗೇ ಸುರಿಯಬಾರದು. ಕ್ಲೋರಿನ್ ಇರುತ್ತದೆ. ತಾಮ್ರದ ಅಂಶ ಇದ್ದರಂತೂ ಅನಿಮೋನಿಗೆ ಅದು ವಿಷ. ಆರ್‌ಓ ಜೊತೆಗೆ ಉಳಿದ ಲವಣಗಳನ್ನೂ ತೆಗೆಯುವ ಡಿಐ ಫಿಲ್ಟರ್ ಇರುವ ಯಂತ್ರದ ನೀರು ಹಿಡಿಯಿರಿ. ನೀರಿನಲ್ಲಿ ಕರಗಿರುವ ಅಂಶ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಅಡುಗೆಮನೆಯ ಆರ್‌ಓ ನೀರಲ್ಲಿ ಸೊನ್ನೆ ಬರುವುದಿಲ್ಲ.

"ಅಡುಗೆ ಉಪ್ಪು ಹಾಕಿದ್ರೆ ಆಗಲ್ವಾ?" ಅಂತ ನಮ್ಮ ಅತ್ತೆ ಕೇಳಿದ್ದರು. ಆಗಲ್ಲ. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಇರುತ್ತವೆ. ಅಕ್ವೇರಿಯಂಗೆಂದೇ ಮಾರುವ ಮರೀನ್ ಸಾಲ್ಟ್ ಬೇಕು. ಲೀಟರ್‌ಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಬಕೆಟ್‌ನಲ್ಲಿ ಕಲಸಿ, ಪಂಪ್ ಹಾಕಿ ಒಂದು ದಿನ ತಿರುಗಲು ಬಿಡಿ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ 1.025 ಅಥವಾ 1.026 ಬಂದರೆ ಸರಿ.

ಆಮೇಲೆ ಕಾಯುವುದು. ಒಣ ಕಲ್ಲು ಜೋಡಿಸಿ, ಒಂದು ಚೂರು ಸಿಗಡಿ ಹಾಕಿ ಕೊಳೆಯಲು ಬಿಡಿ. ಅದರಿಂದ ಅಮೋನಿಯಾ ಹುಟ್ಟುತ್ತದೆ. ಬ್ಯಾಕ್ಟೀರಿಯಾ ಬೆಳೆದು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಇದಕ್ಕೆ ನಾಲ್ಕರಿಂದ ಆರು ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಗಟ್ಟಿ ಜಾತಿಯ ಒಂದೆರಡು ಮೀನು ಬಿಡಿ. ಗಾಜಿನ ಮೇಲೆ ಕಂದು ಪಾಚಿ ಬರುತ್ತದೆ, ಹೋಗುತ್ತದೆ, ಹಸಿರು ಬರುತ್ತದೆ. ಆರು ತಿಂಗಳು ಇದೆಲ್ಲ ಆಗಲಿ. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ಬದಲಾಯಿಸುತ್ತಾ ಇರಿ.

ಮುಂಬೈಯ ಸೆಕೆ

ಅನಿಮೋನಿಗೆ ಬೇಕಾದದ್ದು 24ರಿಂದ 27 ಡಿಗ್ರಿ. ಮೇ ತಿಂಗಳಲ್ಲಿ ನಮ್ಮ ಹಾಲೇ 33 ಆಗುತ್ತದೆ. ನೀರಿನ ಮೇಲೆ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಗಾಳಿಯೇ ಒದ್ದೆಯಾಗಿರುವ ಜೂನ್, ಜುಲೈನಲ್ಲಿ ನೀರು ಆರುವುದೇ ಕಡಿಮೆ, ಫ್ಯಾನ್ ಕೆಲಸ ಮಾಡುವುದಿಲ್ಲ. ಹಾಗಾಗಿ ಮುಂಬೈನಲ್ಲಿ ನೀರು ತಂಪು ಮಾಡುವ ಚಿಲ್ಲರ್ ಇಲ್ಲದೆ ಅನಿಮೋನಿ ಸಾಕಬೇಡಿ. ಖರ್ಚಿನ ಮಾತು ನಿಜ, ಆದರೆ ಚಿಲ್ಲರ್‌ಗೆ ದುಡ್ಡು ಕೂಡುವವರೆಗೆ ಮೀನು ಮಾತ್ರ ಇಟ್ಟುಕೊಳ್ಳಿ.

ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ. ಗಾಜಿಗೆ ನೀರಿನ ಮಟ್ಟದಲ್ಲಿ ಟೇಪ್ ಅಂಟಿಸಿ, ದಿನಾ ಅಲ್ಲಿಯವರೆಗೆ ಅದೇ ಯಂತ್ರದ ಆರ್‌ಓ ಸಿಹಿನೀರು ತುಂಬಿ. ಇಲ್ಲಿ ಉಪ್ಪುನೀರು ಹಾಕುವ ತಪ್ಪನ್ನು ಹೊಸಬರು ಜಾಸ್ತಿ ಮಾಡುತ್ತಾರೆ.

ಇನ್ನೊಂದು ಮಾತು. ಸೊಳ್ಳೆ ಸ್ಪ್ರೇ, ಲಿಕ್ವಿಡ್ ಮಷೀನ್ ಟ್ಯಾಂಕ್ ಇರುವ ಕೋಣೆಯಲ್ಲಿ ಬೇಡವೇ ಬೇಡ. ಬೆನ್ನೆಲುಬಿಲ್ಲದ ನೀರಿನ ಜೀವಿಗಳಿಗೆ ಅದರಲ್ಲಿರುವ ಔಷಧ ತೀರಾ ಅಪಾಯ. ಸೊಳ್ಳೆ ಪರದೆ ಕಟ್ಟಿ.

ಆರಿಸುವುದು, ಬಿಡುವುದು, ಉಣಿಸುವುದು

ಮೊದಲ ಸಲಕ್ಕೆ ಬಬಲ್ ಟಿಪ್ ಜಾತಿ ಒಳ್ಳೆಯದು. ಕಾರ್ಪೆಟ್ ಜಾತಿ ಜೋರಾಗಿ ಚುಚ್ಚುತ್ತದೆ, ಮೀನನ್ನೂ ಹಿಡಿದು ತಿನ್ನುತ್ತದೆ. ಅಂಗಡಿಯಲ್ಲಿ ಬಾಯಿ ನೋಡಿ. ಬಿಗಿಯಾಗಿ ಮುಚ್ಚಿರಬೇಕು. ಪಾದ ಹರಿದಿರಬಾರದು, ಕಲ್ಲಿಗೋ ಗಾಜಿಗೋ ಅಂಟಿರಬೇಕು. ಕಂದು ಛಾಯೆ ಇದ್ದರೆ ಒಳ್ಳೆಯದು, ಅದರ ಮೈಯೊಳಗಿನ ಪಾಚಿಯ ಬಣ್ಣ ಅದು. ಆ ಪಾಚಿಯೇ ಬೆಳಕಿನಿಂದ ಅನಿಮೋನಿಗೆ ಊಟ ಮಾಡಿಕೊಡುತ್ತದೆ. ಪಾಚಿ ಹೋದರೆ ಬಿಳಿ. ಕಣ್ಣು ಕುಕ್ಕುವ ನಿಂಬೆ ಹಳದಿ ಇದ್ದರೆ ಬಣ್ಣ ಹಾಕಿರುವ ಸಾಧ್ಯತೆ ಹೆಚ್ಚು, ತರಬೇಡಿ. ಇಳಿತದ ಹೊತ್ತಿಗೆ ಹಾಜಿ ಅಲಿ, ಕಾರ್ಟರ್ ರೋಡ್ ಬಂಡೆಗಳಲ್ಲಿ ಅನಿಮೋನಿ ಕಾಣುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ, ಆದರೆ ಕೀಳಬೇಡಿ. ಗಟ್ಟಿ ಹವಳಕ್ಕಂತೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ತರುವುದೇ ಅಪರಾಧ.

ಮನೆಗೆ ತಂದ ದಿನ ಟ್ಯಾಂಕಿನ ನೀರನ್ನು ತೆಳು ಪೈಪ್‌ನಲ್ಲಿ ಹನಿಹನಿಯಾಗಿ ಅದರ ಡಬ್ಬಿಗೆ ಬಿಡಿ, ಒಂದೂವರೆ ಗಂಟೆ. ವೇವ್‌ಮೇಕರ್ ನಿಲ್ಲಿಸಿ, ಕೈಗೆ ಗ್ಲೌಸ್ ಹಾಕಿ, ಕಲ್ಲಿನ ಸಂದಿಯ ಹತ್ತಿರ ಮೆಲ್ಲಗೆ ಇಡಿ. ಅಂಟಿಕೊಂಡ ಮೇಲೇ ಪಂಪ್ ಶುರು ಮಾಡಿ, ಪಂಪ್‌ನ ಬಾಯಿಗೆ ಸ್ಪಂಜ್ ಕಟ್ಟಿರಲೇಬೇಕು. ಅದು ನೀವು ಇಟ್ಟ ಜಾಗ ಬಿಟ್ಟು ಬೇರೆ ಕಡೆ ನಡೆದು ಹೋದರೆ ಹೋಗಲಿ. ತನಗೆ ಬೇಕಾದ ಬೆಳಕು, ಹರಿವು ಅದೇ ಹುಡುಕಿಕೊಳ್ಳುತ್ತದೆ. ಹವಳದ ಟ್ಯಾಂಕಿಗೆಂದು ಮಾರುವ ರೀಫ್ ಲೈಟ್ ದಿನಕ್ಕೆ ಎಂಟು ಹತ್ತು ಗಂಟೆ ಸಾಕು, ಮೊದಲು ಕಡಿಮೆ ಇಟ್ಟು ಎರಡು ವಾರದಲ್ಲಿ ಏರಿಸಿ.

ವಾರಕ್ಕೊಮ್ಮೆ ಸಿಗಡಿ. ಮೀನು ಮಾರುವ ಇಲ್ಲಿಯ ಕೋಳಿ ಸಮುದಾಯದ ಹೆಂಗಸರ ಹತ್ತಿರ ಮರಾಠಿಯಲ್ಲಿ ಕೋಳಂಬಿ ಅಂತ ಕೇಳಿ. ಅರಿಶಿನ, ಉಪ್ಪು ಸೋಕದಂತೆ ತೊಳೆದು ಕಡಲೆಕಾಳಿನಷ್ಟು ಚೂರು ಮಾಡಿ. ಚಿಮಟದಲ್ಲಿ ಹಿಡಿದು ಬೆರಳಿನಂಥ ಎಳೆಗಳಿಗೆ ಮುಟ್ಟಿಸಿ. ಒಂದು ಎಳೆ ಅಂಟಿಕೊಳ್ಳುತ್ತದೆ, ಪಕ್ಕದ್ದು ಬಾಗುತ್ತದೆ, ನಿಧಾನವಾಗಿ ಎಲ್ಲ ಸೇರಿ ಚೂರನ್ನು ಒಳಕ್ಕೆ ಮಡಚಿಕೊಳ್ಳುತ್ತವೆ. ನನ್ನ ಮಗಳು ಇದನ್ನು ಉಸಿರು ಬಿಗಿಹಿಡಿದು ನೋಡುತ್ತಾಳೆ. ಮರುದಿನ ಅದು ಚೂರನ್ನು ಉಗುಳಿದ್ದರೆ ದೊಡ್ಡದಾಯಿತು ಅಂತ ಅರ್ಥ.

ಒಂದೆರಡು ದಿನ ಮುದುಡಿ ಮತ್ತೆ ಅರಳಿದರೆ ಗಾಬರಿ ಬೇಡ, ಕೊಳೆ ಹೊರಹಾಕುತ್ತಿರುತ್ತದೆ. ಬಾಯಿ ತೆರೆದು ಜೋತುಬಿದ್ದು, ಮೈ ಕರಗಿ ನಾರುತ್ತಿದ್ದರೆ ಕೂಡಲೇ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಉಳಿದ ಮೀನುಗಳೂ ಹೋಗುತ್ತವೆ.

ನಾವೆಲ್ಲ ಊರಿಗೆ ಹೋಗುವುದು ಮೇನಲ್ಲಿ, ಸೆಕೆ ಜೋರಿರುವಾಗಲೇ. ಎರಡು ವಾರ ಸಿಗಡಿ ಇಲ್ಲದಿದ್ದರೂ ಅನಿಮೋನಿಗೆ ಏನೂ ಆಗುವುದಿಲ್ಲ. ಮೀನಿನ ಆಹಾರವನ್ನು ಮಾತ್ರ ದಿನಕ್ಕೊಂದರಂತೆ ಕಾಗದದ ಪೊಟ್ಟಣ ಕಟ್ಟಿ ಪಕ್ಕದ ಮನೆಯ ಮರಾಠಿ ಆಂಟಿಗೆ, ನಮ್ಮ ಕಾಕುಗೆ, ಕೊಡುತ್ತೇನೆ. ಕರೆಂಟ್ ಹೋದರೆ ಬ್ಯಾಟರಿಯ ಏರ್ ಪಂಪ್ ಹೇಗೆ ಹಾಕುವುದು ಅಂತ ಎದುರಿಗೇ ಮಾಡಿಸಿ ನೋಡುತ್ತೇನೆ. ದಿನಾ ಸಂಜೆ ಅವರು ಟೇಪ್‌ನ ಗೆರೆವರೆಗೆ ಸಿಹಿನೀರು ತುಂಬಿ, ಥರ್ಮಾಮೀಟರ್‌ನ ಫೋಟೋ ಒಂದು ಕಳಿಸುತ್ತಾರೆ. 28 ದಾಟಿದರೆ ನಾನು ಉಡುಪಿಯಿಂದಲೇ ಚಿಲ್ಲರ್ ರಿಪೇರಿಯವರಿಗೆ ಫೋನ್ ಮಾಡುತ್ತೇನೆ.