ಜಪಾನನ್ನು ನಾನು ಓದಿಕೊಂಡ ಬಗೆ

ಜಪಾನಿನ ಬಗ್ಗೆ ತಿಳಿದುಕೊಳ್ಳಬೇಕೆಂದು ಹೊರಟಾಗ ಮೊದಲು ಕೈಗೆತ್ತಿಕೊಂಡದ್ದು ಪ್ರಾಚೀನ ಕಾಲದಿಂದ ಶುರುವಾಗುವ ಒಂದು ದಪ್ಪ ಇತಿಹಾಸ. ಶೋಗನ್‌ಗಳ, ಅಂದರೆ ಚಕ್ರವರ್ತಿಯ ಹೆಸರಿನಲ್ಲಿ ಆಳುತ್ತಿದ್ದ ಸೇನಾಧಿಪತಿಗಳ, ಹೆಸರು ಒಂದರ ಹಿಂದೊಂದು ಬಂದವು, ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಅರ್ಧಕ್ಕೇ ಮುಚ್ಚಿಟ್ಟೆ.

ದಾರಿ ತೋರಿಸಿದ್ದು ನಾತ್ಸುಮೆ ಸೋಸೆಕಿಯ ‘ಕೊಕೊರೊ’, 1914ರ ಕಾದಂಬರಿ. ಒಬ್ಬ ಯುವಕ, ಅವನು ‘ಸೆನ್ಸೆಯ್’ (ಗುರುಗಳೇ) ಎಂದು ಕರೆಯುವ ಒಬ್ಬ ಹಿರಿಯ. ಕೊನೆಯ ಭಾಗದಲ್ಲಿ ಮೇಜಿ ಚಕ್ರವರ್ತಿ ತೀರಿಕೊಂಡ ಸುದ್ದಿ ಬರುತ್ತದೆ. ಆಮೇಲೆ, ಅಂತ್ಯಕ್ರಿಯೆಯ ದಿನ ಸೇನಾನಿ ಜನರಲ್ ನೋಗಿ ತಾವಾಗಿಯೇ ಪ್ರಾಣ ಕಳೆದುಕೊಂಡ ಸುದ್ದಿ. ಎರಡೂ 1912ರಲ್ಲಿ ನಿಜವಾಗಿ ನಡೆದವು. ಒಡೆಯನ ಹಿಂದೆಯೇ ಹೋಗುವ ಆ ಹಳೆಯ ಸಮುರಾಯ್ ನಿಷ್ಠೆ, ರೈಲು ಓಡುವ ಕಾಲದ ಓದಿದ ಮನುಷ್ಯನಾದ ಸೆನ್ಸೆಯ್‌ಯನ್ನು ಯಾಕೆ ಅಷ್ಟು ಅಲುಗಾಡಿಸಿತು? ಈ ಪ್ರಶ್ನೆ ಹಿಡಿದುಕೊಂಡು ಅದೇ ದಪ್ಪ ಪುಸ್ತಕವನ್ನು ಮತ್ತೆ ತೆರೆದೆ. ಶೋಗನ್‌ಗಳ ಆಳ್ವಿಕೆ ಮುಗಿದು ಅಧಿಕಾರ ಚಕ್ರವರ್ತಿಯ ಹೆಸರಿಗೆ ಮರಳಿದ 1868ರ ಮೇಜಿ ಬದಲಾವಣೆಯಿಂದ ಶುರುಮಾಡಿ, ಒಂದೊಂದೇ ಅಧ್ಯಾಯ ಹಿಂದಕ್ಕೆ ಓದಿದೆ. ಈ ಸಲ ಹೆಸರುಗಳು ನಿಂತವು.

ಮನೆಯೊಳಗಿನ ಬದುಕು ಕಂಡದ್ದು ಜಪಾನಿನ ಲೇಖಕ ತನಿಜಾಕಿ ಜುನಿಚಿರೊ ನೆರಳಿನ ಬಗ್ಗೆ ಬರೆದ ಪುಟ್ಟ ಪ್ರಬಂಧದಲ್ಲಿ. ಮೆರುಗೆಣ್ಣೆ ಹಚ್ಚಿದ ಬಟ್ಟಲಿನ ಮುಚ್ಚಳ ತೆಗೆದಾಗ, ಒಳಗಿನ ಸಾರಿನ ಬಣ್ಣ ಬಟ್ಟಲಿನ ಬಣ್ಣದಲ್ಲೇ ಬೆರೆತು ಕಾಣದೆ ಹೋಗುವುದನ್ನು ಅವರು ವರ್ಣಿಸುತ್ತಾರೆ. ಮಂದ ಬೆಳಕಿಗೆಂದೇ ಮಾಡಿದ ವಸ್ತುಗಳವು. ಅದನ್ನು ಓದಿದ ಮೇಲೆ ಜಪಾನಿನ ಹಳೆ ಮನೆಗಳ ಚಿತ್ರದಲ್ಲಿ ನಾನು ಮೊದಲು ನೋಡುವುದು ಕತ್ತಲಿರುವ ಮೂಲೆಯನ್ನು.

ಅಮೆರಿಕದ ಮಾನವಶಾಸ್ತ್ರಜ್ಞೆ ರೂತ್ ಬೆನೆಡಿಕ್ಟ್ ಜಪಾನೀಯರ ಬಗ್ಗೆ ಬರೆದ 1946ರ ಪ್ರಸಿದ್ಧ ಅಧ್ಯಯನವನ್ನು ಬೇಕೆಂದೇ ತಡವಾಗಿ ಓದಿದೆ. ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರಕ್ಕಾಗಿ ಮಾಡಿದ ಕೆಲಸದಿಂದ ಹುಟ್ಟಿದ ಪುಸ್ತಕ. ಅವರು ಜಪಾನಿಗೆ ಕಾಲಿಟ್ಟವರೇ ಅಲ್ಲ. ಇಷ್ಟು ಗೊತ್ತಿದ್ದು ಓದಿದರೆ ಅದು ಉಪಯೋಗಕ್ಕೆ ಬರುತ್ತದೆ. ‘ಒನ್’ ಎಂಬ ಪದವನ್ನು ವಿವರಿಸಲು ಅವರು ಪುಟಗಟ್ಟಲೆ ಬರೆಯಬೇಕಾಯಿತು. ನನಗೆ ಮಾತ್ರ ‘ಋಣ’ ಎಂದುಕೊಂಡ ಕೂಡಲೇ ಬಹುಪಾಲು ಅರ್ಥವಾಯಿತು. ಇಂಗ್ಲಿಷಿನಲ್ಲಿ ಓದುವಾಗಲೂ ಕನ್ನಡದ ಪದ ಹುಡುಕಿ ಅಂಚಿನಲ್ಲಿ ಬರೆಯುವ ಅಭ್ಯಾಸ ಬಿದ್ದದ್ದು ಅಲ್ಲಿಂದಲೇ.

ಸೋಲಿನ ನಂತರದ ವರ್ಷಗಳಿಗೆ ನಾನು ಎಲ್ಲರಿಗೂ ಹೇಳುವುದು ಜಾನ್ ಡವರ್‌ರ ‘ಎಂಬ್ರೇಸಿಂಗ್ ಡಿಫೀಟ್’. 1945ರ ಆಗಸ್ಟ್ 15ರಂದು ಚಕ್ರವರ್ತಿಯ ದನಿ ರೇಡಿಯೋದಲ್ಲಿ ಬಂದಾಗ, ಆ ಅರಮನೆಯ ಭಾಷೆ ಎಷ್ಟೋ ಜನಕ್ಕೆ ತಿಳಿಯಲೇ ಇಲ್ಲ. ಯುದ್ಧ ಮುಗಿದದ್ದು ಪಕ್ಕದಲ್ಲಿದ್ದವರು ಬಿಡಿಸಿ ಹೇಳಿದ ಮೇಲೆಯೇ ಅವರಿಗೆ ಗೊತ್ತಾದದ್ದು.

ಸಾವಿರ ವರ್ಷದ ಹಿಂದಿನ ದೊಡ್ಡ ಕಥೆ ‘ಗೆಂಜಿ’ಯನ್ನು ಮೊದಲಿಗೇ ಹಿಡಿಯಬೇಡಿ. ನಾನೀಗ ಅಲ್ಲಿಗೆ ಬಂದಿದ್ದೇನೆ, ದಿನಕ್ಕೆ ಹತ್ತು ಪುಟ.