ಸಂಬಳ ಕೇಳುವ ಮೊದಲು, ಯಾರನ್ನು ಕೇಳುತ್ತಿದ್ದೇನೆ ಅಂತ ನೋಡಿಕೊಂಡೆ

ನಾನು ಲೆಕ್ಕಪತ್ರ ವಿಭಾಗದವಳು. ಬೇರೆಯವರ ಸಂಬಳ ಬಜೆಟ್ಟಿನ ಯಾವ ಸಾಲಿನಲ್ಲಿ ಕೂರುತ್ತದೆ, ಯಾರ ಸಹಿ ಬಿದ್ದರೆ ಅದು ದಾಟುತ್ತದೆ ಎಂಬುದನ್ನು ವರ್ಷಗಟ್ಟಲೆ ನೋಡಿದ್ದೇನೆ. ನನಗೇ ಹೊಸ ಕೆಲಸದ ಆಫರ್ ಬಂದಾಗ ಉಪಯೋಗಕ್ಕೆ ಬಂದದ್ದು ಆ ತಿಳಿವಳಿಕೆ. ಮಾತಿನ ಚಾತುರ್ಯ ನನಗೆ ಮೊದಲಿನಿಂದಲೂ ಇಲ್ಲ.

ಫೋನ್ ಮಾಡಿ "ಇಷ್ಟು ಕೊಡ್ತೀವಿ" ಎನ್ನುವ ಎಚ್‌ಆರ್‌ನವರು ಸಾಮಾನ್ಯವಾಗಿ ಆ ಮೊತ್ತವನ್ನು ತಾವೊಬ್ಬರೇ ನಿಗದಿ ಮಾಡಿರುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ಪ್ರತಿ ಹುದ್ದೆಗೂ ಒಂದು ದರ್ಜೆ, ಆ ದರ್ಜೆಗೆ ಕನಿಷ್ಠ ಮತ್ತು ಗರಿಷ್ಠ ಸಂಬಳ ಇರುತ್ತದೆ. ಅದರೊಳಗೆ ಸ್ವಲ್ಪ ಅತ್ತಿತ್ತ ಮಾಡುವ ಅಧಿಕಾರ ಎಚ್‌ಆರ್‌ಗೆ ಇರಬಹುದು. ಅದಕ್ಕಿಂತ ಜಾಸ್ತಿಯಾದರೆ ತಂಡದ ಮ್ಯಾನೇಜರ್ ಒಪ್ಪಬೇಕು, ಅವರ ಮೇಲಿನವರು ಒಪ್ಪಬೇಕು, ಬಜೆಟ್ ನೋಡುವ ನಮ್ಮಂಥವರು "ಸರಿ" ಅನ್ನಬೇಕು. ಹಾಗೆ ಒಪ್ಪಿಗೆಗೆ ಬರುವ ಕಾಗದದಲ್ಲಿ "ಕಾರಣ" ಅಂತ ಒಂದು ಜಾಗ ಇರುತ್ತದೆ. "ಅಭ್ಯರ್ಥಿ ಹೆಚ್ಚು ಕೇಳುತ್ತಿದ್ದಾರೆ" ಎಂದಷ್ಟೇ ಬರೆದು ಬಂದವು ನನ್ನ ಮೇಜಿನಿಂದ ವಾಪಸ್ ಹೋಗುತ್ತಿದ್ದವು. ಎರಡು ಸಾಲು ಗಟ್ಟಿ ಕಾರಣ ಇದ್ದವು ಮುಂದೆ ಹೋಗುತ್ತಿದ್ದವು. ಹಾಗಾಗಿ ನನ್ನ ಸರದಿ ಬಂದಾಗ, ಆ ಎರಡು ಸಾಲನ್ನು ನಾನೇ ಬರೆದು ಎಚ್‌ಆರ್ ಕೈಗೆ ಕೊಡಬೇಕು ಎಂದುಕೊಂಡೆ. ಮುಂದೆ ನಾನು ಮಾಡಿದ್ದೆಲ್ಲ ಇದರ ಸುತ್ತಲೇ.

ಮೊದಲ ಸುತ್ತಿನ ಫೋನಿನಲ್ಲೇ "ಎಷ್ಟು ನಿರೀಕ್ಷೆ ಮಾಡ್ತೀರಿ?" ಅಂತ ಕೇಳಿದರು. ಎಲ್ಲರಿಗೂ ಬರುವ ಪ್ರಶ್ನೆಯೇ. "ಕೆಲಸ ಏನು, ತಂಡ ಎಷ್ಟು ದೊಡ್ಡದು ಅಂತ ಇನ್ನೂ ನನಗೆ ಪೂರ್ತಿ ಗೊತ್ತಾಗಿಲ್ಲ. ಈ ಹುದ್ದೆಗೆ ನೀವು ಇಟ್ಟಿರೋ ರೇಂಜ್ ಹೇಳಿದ್ರೆ, ಮುಂದುವರಿಯೋದರಲ್ಲಿ ಅರ್ಥ ಇದೆಯಾ ಅಂತ ಇಬ್ಬರಿಗೂ ತಿಳಿಯುತ್ತೆ" ಎಂದೆ. ಅವರು ರೇಂಜ್ ಹೇಳಲಿಲ್ಲ, ಆದರೆ ಒತ್ತಾಯವನ್ನೂ ಮಾಡಲಿಲ್ಲ. ಈಗಿನ ಸಂಬಳ ಎಷ್ಟು ಎಂಬ ಪ್ರಶ್ನೆಗೂ ಇದೇ ಧಾಟಿಯ ಉತ್ತರ ಕೊಟ್ಟೆ. ಹಳೆಯ ಸಂಬಳದ ಮೇಲೆ ಇಷ್ಟು ಶೇಕಡಾ ಅಂತ ಲೆಕ್ಕ ಹಾಕಿದರೆ, ಹಿಂದೆ ಎಲ್ಲೋ ಕಡಿಮೆಗೆ ಸೇರಿದ್ದು ಮುಂದಿನ ಕೆಲಸಕ್ಕೂ ಬೆನ್ನು ಹತ್ತುತ್ತದೆ. ಇದೇ ಕಾರಣಕ್ಕೆ ಕೆಲವು ಕಡೆ ಆ ಪ್ರಶ್ನೆಯನ್ನೇ ಕಾನೂನು ತಡೆದಿದೆ. ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದ ಹಳೆಯ ಸಂಬಳ ಕೇಳುವಂತಿಲ್ಲ, ಅಭ್ಯರ್ಥಿ ಕೇಳಿದರೆ ಹುದ್ದೆಯ ರೇಂಜ್ ಹೇಳಬೇಕು. ಐರೋಪ್ಯ ಒಕ್ಕೂಟ 2023ರಲ್ಲಿ ಹೊರಡಿಸಿದ ನಿರ್ದೇಶನದಲ್ಲೂ ಇವೆರಡೂ ಅಂಶಗಳಿವೆ. ಅಂಥ ಕಾನೂನು ಇಲ್ಲದ ಕಡೆ ಪ್ರಶ್ನೆ ಬಂದೇ ಬರುತ್ತದೆ. ಹೇಳಲೇಬೇಕಾದ ಪರಿಸ್ಥಿತಿ ಬಂದರೆ ನಿಜವನ್ನೇ ಹೇಳಿ. ಸಂಬಳದ ಚೀಟಿ ಕೇಳಿ ತಾಳೆ ನೋಡುವ ಕಂಪನಿಗಳಿವೆ, ಅಲ್ಲಿ ಸುಳ್ಳು ಸಿಕ್ಕಿಬಿದ್ದರೆ ಕೆಲಸವೇ ಹೋಗುತ್ತದೆ.

ಮೊದಲು ನಾವೇ ಅಂಕಿ ಹೇಳಬೇಕೋ, ಅವರ ಬಾಯಿಂದ ಬರಲಿ ಎಂದು ಕಾಯಬೇಕೋ? ಎರಡು ಕಡೆಯೂ ವಾದಗಳಿವೆ. ಮನಶ್ಶಾಸ್ತ್ರಜ್ಞರಾದ ಅಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧ. ಒಂದು ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಜನರನ್ನು ಕೇಳಿದರು. ಚಕ್ರ 10ಕ್ಕೆ ನಿಂತದ್ದನ್ನು ನೋಡಿದ ಗುಂಪಿನ ಅಂದಾಜು 25ರ ಸುತ್ತ, 65ಕ್ಕೆ ನಿಂತದ್ದನ್ನು ನೋಡಿದ ಗುಂಪಿನದು 45ರ ಸುತ್ತ. ಚಕ್ರಕ್ಕೂ ಪ್ರಶ್ನೆಗೂ ಯಾವ ಸಂಬಂಧವೂ ಇರಲಿಲ್ಲ! ಮೊದಲು ಕಿವಿಗೆ ಬಿದ್ದ ಅಂಕಿ ಮನಸ್ಸನ್ನು ತನ್ನ ಕಡೆಗೆ ಎಳೆಯುತ್ತದೆ. ಇದರಿಂದ ನಾನು ತೆಗೆದುಕೊಂಡ ತೀರ್ಮಾನ: ಮಾರುಕಟ್ಟೆ ದರ ಖಚಿತವಾಗಿ ಗೊತ್ತಿದ್ದರೆ ನಾವೇ ಮೊದಲು ಹೇಳುವುದು ಒಳ್ಳೆಯದು, ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು. ನನಗೆ ಆಗ ಗೊತ್ತಿರಲಿಲ್ಲ. ಕಾದೆ.

ಕಾಯುತ್ತಲೇ ದರ ತಿಳಿದುಕೊಂಡೆ. ಸಂಬಳದ ಜಾಲತಾಣಗಳ ಸರಾಸರಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಒಂದೇ ಹೆಸರಿನ ಹುದ್ದೆ ಒಂದು ಕಡೆ ಇಬ್ಬರ ತಂಡ, ಇನ್ನೊಂದು ಕಡೆ ಇಪ್ಪತ್ತು ಜನರ ವಿಭಾಗ. ಹೆಚ್ಚು ಕೆಲಸಕ್ಕೆ ಬಂದದ್ದು ಜನ. ನನ್ನ ಜೊತೆ ಹಿಂದೆ ಕೆಲಸ ಮಾಡಿ ಬೇರೆ ಕಡೆ ಹೋದವರಿಗೆ, ಇದೇ ಕ್ಷೇತ್ರದಲ್ಲಿ ಜನರನ್ನು ನೇಮಕ ಮಾಡುವ ಒಬ್ಬ ಕನ್ಸಲ್ಟೆಂಟ್‌ಗೆ ಫೋನ್ ಮಾಡಿದೆ. "ನಿನ್ನ ಸಂಬಳ ಎಷ್ಟು?" ಎಂದರೆ ಯಾರೂ ಹೇಳುವುದಿಲ್ಲ. "ಇಂಥ ಹುದ್ದೆಗೆ ಎಷ್ಟಕ್ಕಿಂತ ಕಡಿಮೆ ಬಂದರೆ ನೀವು ಬೇಡ ಅಂತೀರಿ?" ಎಂದು ಕೇಳಿದರೆ ಹೇಳುತ್ತಾರೆ.

ಆಫರ್ ಬಂತು. ಅವರು ಹೇಳಿದ ವಾರ್ಷಿಕ ಮೊತ್ತ 100 ಎಂದಿಟ್ಟುಕೊಳ್ಳಿ. ನಾನು ಕಲೆಹಾಕಿದ ದರ 105ರಿಂದ 120ರವರೆಗೆ ಇತ್ತು. ಫೋನಿನಲ್ಲಿ "ತುಂಬಾ ಸಂತೋಷ, ಧನ್ಯವಾದ. ಪೂರ್ತಿ ಬ್ರೇಕಪ್ ಮೇಲ್ ಮಾಡಿ, ನೋಡಿ ನಾಳೆ ಮಾತಾಡ್ತೀನಿ" ಎಂದಷ್ಟೇ ಹೇಳಿದೆ. ಆ ಕ್ಷಣದಲ್ಲಿ ಒಪ್ಪುವುದೂ ಬೇಡ, ಕಡಿಮೆಯಾಯಿತು ಎನ್ನುವುದೂ ಬೇಡ. ಆದರೆ ಸಂತೋಷ ಮಾತ್ರ ಧ್ವನಿಯಲ್ಲಿ ಕೇಳಿಸಬೇಕು. ಈ ವ್ಯಕ್ತಿ ಹೇಗೂ ಬರುವುದಿಲ್ಲ ಎಂದು ಅನ್ನಿಸಿದರೆ ನಮ್ಮ ಪರವಾಗಿ ಒಳಗೆ ಹೋಗಿ ಮಾತಾಡುವ ಶ್ರಮವನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಬ್ರೇಕಪ್, ಅಂದರೆ ಮೊತ್ತದ ವಿವರ ಪಟ್ಟಿ, ನೋಡಿದರೆ ಆ 100ರಲ್ಲಿ ಫಿಕ್ಸೆಡ್, ಅಂದರೆ ಖಚಿತವಾಗಿ ಕೈಗೆ ಬರುವುದು, ಇದ್ದದ್ದು 86. ಉಳಿದ 14 ವೇರಿಯಬಲ್, ಬಂದರೆ ಬಂತು ಎನ್ನುವಂಥದ್ದು. ಇಂಥ ಕಡೆ ಕಣ್ಣು ಹೋಗುವುದು ನನ್ನ ವೃತ್ತಿಯ ಚಟ. ವೇರಿಯಬಲ್ ಯಾವುದಕ್ಕೆ ಗಂಟುಬಿದ್ದಿದೆ, ನನ್ನ ಕೆಲಸಕ್ಕೋ ಕಂಪನಿಯ ಲಾಭಕ್ಕೋ? ಕಳೆದ ವರ್ಷಗಳಲ್ಲಿ ಈ ದರ್ಜೆಯವರಿಗೆ ಅದರಲ್ಲಿ ಎಷ್ಟು ಪಾಲು ನಿಜವಾಗಿ ಕೈಗೆ ಬಂತು? ವರ್ಷದ ಮಧ್ಯೆ ಸೇರಿದರೆ ಹೇಗೆ ಲೆಕ್ಕ? ಮೂರನ್ನೂ ಮೇಲ್‌ನಲ್ಲಿ ಕೇಳಿದೆ. ಅದು ಕಂಪನಿಯ ಲಾಭಕ್ಕೆ ಸೇರಿದ್ದು, ಪೂರ್ತಿ ಬರುವುದು ಅಪರೂಪ ಎಂದು ಉತ್ತರ ಬಂತು. ಪ್ರಾಮಾಣಿಕ ಉತ್ತರವೇ, ಆ ಬಗ್ಗೆ ನನಗೆ ತಕರಾರಿಲ್ಲ. ಆದರೆ ವೇರಿಯಬಲ್ ಅರ್ಧ ಬರುತ್ತದೆ ಎಂದು ಹಿಡಿದರೂ, ನನ್ನ ಲೆಕ್ಕದಲ್ಲಿ ಆ 100 ಈಗ 93ರ ಆಸುಪಾಸಿಗೆ ಇಳಿದಿತ್ತು. ಷೇರು ಕೊಡುವ ಕಂಪನಿಗಳಾದರೆ ಇದೇ ರೀತಿ, ಅವು ಎಷ್ಟು ವರ್ಷದಲ್ಲಿ ಕಂತುಕಂತಾಗಿ ನಮ್ಮ ಹೆಸರಿಗೆ ಬರುತ್ತವೆ ಎಂದು ಕೇಳಬೇಕು. ನಾಲ್ಕು ವರ್ಷದ ಕಂತು, ಮೊದಲ ವರ್ಷ ಮುಗಿಯುವ ತನಕ ಏನೂ ಇಲ್ಲ ಎಂಬ ಕರಾರು ತುಂಬಾ ಸಾಮಾನ್ಯ. ಅದನ್ನು ಇಂದಿನ ಸಂಬಳದ ಜೊತೆ ಕೂಡಿಸಿ ಹೇಳಿದರೆ ಮೊತ್ತ ಮೈ ತುಂಬಿಕೊಂಡು ಕಾಣುತ್ತದೆ.

ಇಲ್ಲಿಂದ ನಾನು ಬರೆದ ಮೇಲ್. ಫೋನಿನಲ್ಲೂ ಹೇಳಿದೆ, ಆದರೆ ಬರಹದಲ್ಲಿ ಕೊಟ್ಟದ್ದೇ ಮುಖ್ಯ, ಏಕೆಂದರೆ ಅದನ್ನು ಹಾಗೆಯೇ ಮುಂದೆ ಕಳಿಸಬಹುದು:

"ಆಫರ್‌ಗೆ ಧನ್ಯವಾದ. ಈ ತಂಡಕ್ಕೆ ಸೇರಲು ನನಗೆ ಮನಸ್ಸಿದೆ. ಸಂಬಳದ ಬಗ್ಗೆ ಒಂದು ವಿನಂತಿ. ಸಂದರ್ಶನದಲ್ಲಿ ಮ್ಯಾನೇಜರ್ ಹೇಳಿದಂತೆ, ತಿಂಗಳ ಲೆಕ್ಕ ಮುಗಿಸುವ ಕ್ಲೋಸಿಂಗ್ ತಡವಾಗುವುದನ್ನು ಮತ್ತು ಆಡಿಟ್‌ನಲ್ಲಿ ಬಾಕಿ ಉಳಿಯುವ ಆಕ್ಷೇಪಣೆಗಳನ್ನು ಸರಿಪಡಿಸುವುದು ಈ ಹುದ್ದೆಯ ಮೊದಲ ಕೆಲಸ. ಈಗಿನ ಕಂಪನಿಯಲ್ಲಿ ಇವೆರಡನ್ನೂ ನಾನು ಕೈಗೆತ್ತಿಕೊಂಡು ಮುಗಿಸಿದ್ದೇನೆ: ಕ್ಲೋಸಿಂಗ್‌ಗೆ ಹಿಡಿಯುತ್ತಿದ್ದ ಸಮಯ ಅರ್ಧಕ್ಕೆ ಇಳಿದಿದೆ. ಇಂಥ ಜವಾಬ್ದಾರಿಗೆ ನಾನು ತಿಳಿದುಕೊಂಡ ದರ 105ರಿಂದ 120. ಅದರಲ್ಲೂ ಹೆಚ್ಚಿನ ಭಾಗ ಫಿಕ್ಸೆಡ್. ಒಟ್ಟು 116, ಅದರಲ್ಲಿ ಫಿಕ್ಸೆಡ್ 100 ಆದರೆ ನಾನು ತಕ್ಷಣ ಒಪ್ಪಿ ಸಹಿ ಮಾಡಲು ಸಿದ್ಧ."

ಇದರಲ್ಲಿ ಮನೆ ಬಾಡಿಗೆ, ಸಾಲದ ಕಂತು, ಮಕ್ಕಳ ಶಾಲೆ ಯಾವುದೂ ಇಲ್ಲ. ನಮ್ಮ ಖರ್ಚು ನಮಗೆ ನಿಜ. ಒಪ್ಪಿಗೆ ಕಾಗದದಲ್ಲಿ ಅದನ್ನು ಬರೆಯಲು ಜಾಗವಿಲ್ಲ. ಅವರ ತೊಂದರೆ ಏನು, ಅದನ್ನು ನಾನು ಎಲ್ಲಿ ಮಾಡಿ ತೋರಿಸಿದ್ದೇನೆ ಎಂಬುದಕ್ಕೆ ಜಾಗವಿದೆ. ಆ ತೊಂದರೆ ಏನೆಂದು ಗೊತ್ತಾಗಬೇಕಾದರೆ ಸಂದರ್ಶನದಲ್ಲೇ ಕಿವಿ ತೆರೆದಿರಬೇಕು. "ಸೇರಿದ ಮೊದಲ ಆರು ತಿಂಗಳಲ್ಲಿ ಏನಾದರೆ ನಿಮಗೆ ಸಮಾಧಾನ?" ಎಂದು ನಾನು ಮ್ಯಾನೇಜರನ್ನು ಕೇಳಿದ್ದೆ. ಸಂಬಳದ ಮಾತು ಗೆದ್ದದ್ದು ನನ್ನ ಪ್ರಕಾರ ಅಲ್ಲಿಯೇ. ಕೊನೆಯ ಸಾಲೂ ಬೇಕೆಂದೇ ಬರೆದದ್ದು. ಇಷ್ಟು ಕೊಟ್ಟರೆ ವಿಷಯ ಮುಗಿಯಿತು, ಮತ್ತೆ ಎಳೆದಾಟವಿಲ್ಲ ಎಂದು ಗೊತ್ತಾದರೆ ಸಹಿ ಹಾಕುವವರ ಕೈ ಹಗುರಾಗುತ್ತದೆ.

ಹೆಣ್ಣುಮಕ್ಕಳು ಗಟ್ಟಿಯಾಗಿ ಕೇಳುವುದಿಲ್ಲ, ಅದಕ್ಕೇ ಕಡಿಮೆ ಸಿಗುತ್ತದೆ ಎಂಬ ಉಪದೇಶ ನನಗೂ ಬಂದಿತ್ತು. ಇದು ಅರ್ಧ ಸತ್ಯ. ಹ್ಯಾನಾ ರೈಲಿ ಬೋಲ್ಸ್, ಲಿಂಡಾ ಬ್ಯಾಬ್‌ಕಾಕ್ ಮತ್ತು ಲೇ ಲೈ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಿಗೆ ಕೇಳಿದ ಹೆಂಗಸರ ಜೊತೆ ಕೆಲಸ ಮಾಡಲು ಜನ ಹಿಂಜರಿದದ್ದು, ಹಾಗೆ ಕೇಳಿದ ಗಂಡಸರಿಗಿಂತ ಜಾಸ್ತಿ. ಅಂದರೆ ಹಿಂಜರಿಕೆಗೆ ಕಾರಣವಿತ್ತು, ಅದು ಬರೀ ಅಳುಕಲ್ಲ. "ನನಗೆ ಬೇಕು" ಎನ್ನುವ ಬದಲು "ಈ ಕೆಲಸದ ಬೆಲೆ ಇಷ್ಟು" ಎಂಬ ದಾರಿ ಹಿಡಿಯಲು ನನಗೆ ಇದೂ ಒಂದು ಕಾರಣ. ಅನ್ಯಾಯವೇ, ಆದರೆ ಅದನ್ನು ಆ ಫೋನಿನಲ್ಲಿ ಸರಿಪಡಿಸಲು ಆಗುತ್ತಿರಲಿಲ್ಲ.

ಉತ್ತರ ಬರಲು ತಡವಾಯಿತು. ನಡುವೆ ಮತ್ತೆ ಮೇಲ್ ಮಾಡಿ "ಇಷ್ಟಾಗದಿದ್ದರೆ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ" ಎನ್ನುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ. ಒಪ್ಪಿಗೆ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಸಮಯ ಬೇಕು, ಮೌನ ಅಂದರೆ ಕೋಪ ಅಲ್ಲ.

ಆಮೇಲೆ ಫೋನ್ ಬಂತು. "ಮೇಡಮ್, ಈ ದರ್ಜೆಯಲ್ಲಿ ಈಗಾಗಲೇ ಇರೋರಿಗಿಂತ ನಿಮಗೆ ಜಾಸ್ತಿ ಕೊಡೋಕೆ ಆಗ್ತಿಲ್ಲ. 109ರ ತನಕ ತರಬಹುದು, ಫಿಕ್ಸೆಡ್ 96." ಈ ಉತ್ತರ ನೆಪವಲ್ಲ. ಹಳಬರಿಗಿಂತ ಹೊಸಬರಿಗೆ ಹೆಚ್ಚು ಕೊಟ್ಟರೆ ಮುಂದೆ ಎಲ್ಲರದ್ದನ್ನೂ ಏರಿಸಬೇಕಾಗುತ್ತದೆ, ಆ ಭಯ ನಿಜವಾದದ್ದು. ಅದನ್ನು ಅಲ್ಲಗಳೆದು ವಾದಿಸಲಿಲ್ಲ. ಕೇಳುವ ಜಾಗ ಬದಲಾಯಿಸಿದೆ. ಪ್ರತಿ ವರ್ಷ ಮರುಕಳಿಸುವ ಖರ್ಚಿಗೆ ಇರುವ ಬಿಗಿ, ಒಮ್ಮೆ ಮಾತ್ರ ಕೊಡುವ ಖರ್ಚಿಗೆ ಇರುವುದಿಲ್ಲ. ಅದು ಬೇರೆ ಸಾಲು, ಬೇರೆ ಸಹಿ. "ಅರ್ಥವಾಗುತ್ತೆ. ಹಾಗಿದ್ರೆ ಉಳಿದದ್ದರಲ್ಲಿ ಸ್ವಲ್ಪವನ್ನ ಜಾಯ್ನಿಂಗ್ ಬೋನಸ್ ಆಗಿ ಕೊಡಬಹುದಾ? ನಾನು ಈಗ ಬಿಟ್ಟರೆ ಇಲ್ಲಿನ ವರ್ಷದ ಬೋನಸ್ ಕೈತಪ್ಪುತ್ತೆ" ಎಂದೆ. ಅದು ನಿಜವೂ ಹೌದು. ಆರು ತಿಂಗಳಾದ ಮೇಲೆ ಒಮ್ಮೆ ಸಂಬಳ ಪರಿಶೀಲನೆ ಮಾಡುವುದನ್ನು ಪತ್ರದಲ್ಲಿ ಬರೆಯಲು ಸಾಧ್ಯವೇ ಎಂದೂ ಕೇಳಿದೆ. ಎರಡೂ ಒಪ್ಪಿಗೆಯಾದವು. ಹುದ್ದೆಯ ಹೆಸರು ಒಂದು ಮೆಟ್ಟಿಲು ಮೇಲಿರಲಿ ಎಂದು ಕೇಳಿದ್ದಕ್ಕೆ ಆಗಲಿಲ್ಲ. ದರ್ಜೆ ಬದಲಾಗುವಂತಿದ್ದರೆ ಅದನ್ನು ಸಂದರ್ಶನ ನಡೆಯುತ್ತಿರುವಾಗಲೇ ಎತ್ತಬೇಕು, ಆಫರ್ ಹಂತದಲ್ಲಿ ಬಾಗಿಲು ಬಹುತೇಕ ಮುಚ್ಚಿರುತ್ತದೆ.

100ರಿಂದ 109. ಇಷ್ಟಕ್ಕೆ ಇಷ್ಟೆಲ್ಲ ಯಾಕೆ ಎನ್ನುವವರಿಗೆ ಲೆಕ್ಕ ಹೇಳುತ್ತೇನೆ. ಎರಡೂ ಮೊತ್ತ ವರ್ಷಕ್ಕೆ ಶೇ. 5ರಂತೆ ಏರಿದರೆ, 10 ವರ್ಷದಲ್ಲಿ ಆ 9ರ ವ್ಯತ್ಯಾಸ ಕೂಡಿ ಸುಮಾರು 113 ಆಗುತ್ತದೆ. ಮೊದಲು ಹೇಳಿದ ಒಂದಿಡೀ ವರ್ಷದ ಸಂಬಳಕ್ಕಿಂತ ಹೆಚ್ಚು. ಜಾಯ್ನಿಂಗ್ ಬೋನಸ್ ಹೀಗೆ ಬೆಳೆಯುವುದಿಲ್ಲ, ಅದಕ್ಕೇ ಮೊದಲು ಫಿಕ್ಸೆಡ್ ಮೇಲೆ ಮಾತಾಡಿ, ಅಲ್ಲಿ ಗೋಡೆ ಸಿಕ್ಕ ಮೇಲೆ ಬೋನಸ್‌ಗೆ ಬಂದದ್ದು. ಅಂದಹಾಗೆ, ಬೋನಸ್‌ಗೆ ಒಂದು ಷರತ್ತು ಅಂಟಿಕೊಂಡಿರುತ್ತದೆ: ಇಂತಿಷ್ಟು ಕಾಲದೊಳಗೆ ಬಿಟ್ಟರೆ ವಾಪಸ್ ಕೊಡಬೇಕು. ಪೂರ್ತಿ ವಾಪಸೋ, ಉಳಿದ ತಿಂಗಳ ಲೆಕ್ಕದಲ್ಲೋ ಎಂದು ಓದಿಕೊಂಡೆ.

ಕೈಯಲ್ಲಿ ಇನ್ನೊಂದು ಆಫರ್ ಇದೆ ಎಂದು ಹೇಳಿದ್ದರೆ ಇನ್ನೂ ಸಿಗುತ್ತಿತ್ತು ಎಂದು ಗೆಳತಿಯೊಬ್ಬಳು ಅಂದಳು. ಇದ್ದಿದ್ದರೆ ಹೇಳುತ್ತಿದ್ದೆ. ಇಲ್ಲದ್ದನ್ನು ಹೇಳಿದರೆ "ಹಾಗಾದರೆ ಅಲ್ಲಿಗೇ ಹೋಗಿ, ಶುಭವಾಗಲಿ" ಎಂದಾಗ ಏನು ಮಾಡುವುದು? ನನ್ನ ಬಲ ಇದ್ದದ್ದು ಈಗಿನ ಕೆಲಸದಲ್ಲಿ. ಅದು ಕೆಟ್ಟದ್ದಾಗಿರಲಿಲ್ಲ, ಅಲ್ಲೇ ಉಳಿಯಬಹುದಿತ್ತು. 104ಕ್ಕಿಂತ ಕಡಿಮೆಗೆ ಹೋಗುವುದಿಲ್ಲ ಎಂದು ಮೊದಲೇ ಚೀಟಿಯಲ್ಲಿ ಬರೆದಿಟ್ಟಿದ್ದೆ. ಕೆಲಸವಿಲ್ಲದೆ ಕೂತಿರುವವರ ಸ್ಥಿತಿ ಬೇರೆ, ಅವರು ಕೇಳಬಾರದು ಎಂದಲ್ಲ, ಆದರೆ ಒಮ್ಮೆ ಸೌಮ್ಯವಾಗಿ ಕೇಳಿ ಬಂದ ಉತ್ತರವನ್ನು ಒಪ್ಪುವುದೇ ಮೇಲು. ಸರ್ಕಾರಿ ವೇತನ ಶ್ರೇಣಿಯಂಥ ಕಡೆಗಳಲ್ಲಿ ಮೂಲ ಸಂಬಳ ಕದಲುವುದು ಕಷ್ಟ. ಅಲ್ಲಿ ಹಿಂದಿನ ಅನುಭವವನ್ನು ಲೆಕ್ಕಕ್ಕೆ ಹಿಡಿಯುತ್ತಾರೆಯೇ ಎಂದು ಕೇಳುವುದರಲ್ಲಿ ಅರ್ಥವಿದೆ.

ಪರಿಷ್ಕೃತ ಪತ್ರ ಕೈಗೆ ಬರುವ ತನಕ ರಾಜೀನಾಮೆ ಕೊಡಲಿಲ್ಲ. ಬಂದ ಪತ್ರದಲ್ಲಿ ಆರು ತಿಂಗಳ ಪರಿಶೀಲನೆಯ ಸಾಲು ಬಿಟ್ಟುಹೋಗಿತ್ತು. ಕೇಳಿದಾಗ "ಅದು ಮಾತಲ್ಲಿ ಆಗಿದೆಯಲ್ಲ ಮೇಡಮ್" ಎಂದರು. "ಈಗ ನೀವು ಇದ್ದೀರಿ ಸರ್, ಆದ್ರೆ ಆರು ತಿಂಗಳ ಹೊತ್ತಿಗೆ ನೀವು ಬೇರೆ ವಿಭಾಗಕ್ಕೆ ಹೋಗಿದ್ರೆ ನಾನು ಯಾರನ್ನ ಕೇಳಲಿ?" ಎಂದೆ. ನಕ್ಕು, ಸೇರಿಸಿ ಕಳಿಸಿದರು. ಸಹಿ ಮಾಡಿದ ಮೇಲೆಯೇ ಹಳೆಯ ಕಡೆ ರಾಜೀನಾಮೆ ಕೊಟ್ಟದ್ದು. ಅವರು ಅಷ್ಟೇ ಸಂಬಳ ಕೊಡುತ್ತೇವೆ, ಉಳಿಯಿರಿ ಎಂದರು. ಆ ಹೊತ್ತಿಗೆ ನಾನು ಮಾತು ಕೊಟ್ಟಾಗಿತ್ತು.